ಕಾಟಮ್ಮನ ಸಾಕ್ಷಿ

ಜವನಗೊಂಡನಹಳ್ಳಿ ಕಡೆಯ ಆ ಗೊಲ್ಲರಹಟ್ಟಿಯಲ್ಲಿ ಇವತ್ತಿಗೂ ಯಾರಾದರೂ ಬಾಯಿಗೆ ಬಂದಂತೆ ಕೊಚ್ಚಿಕೊಂಡರೆ, "ಕಾಟಮ್ಮನ ಸಾಕ್ಷಿ ಐತೇನ್ಲೇ?" ಎಂದು ಕೇಳಿ ಬಾಯಿ ಮುಚ್ಚಿಸುತ್ತಾರೆ. ನೀನು ಕಣ್ಣಾರೆ ಕಂಡೆಯಾ, ಎಲ್ಲಿ ನಿಂತು ಕಂಡೆ, ಮೊದಲು ಅದನ್ನು ಹೇಳು ಎಂದು ಅದರ ಅರ್ಥ. ಹಿಂದೆ ಅಲ್ಲಿ ಸಾಕ್ಷಿ ಎಂಬ ಮಾತು ಗಂಡಸರ ಸೊತ್ತಾಗಿತ್ತು. ಆಣೆ ಇಡುವಾಗ ಸೂರ್ಯ ಚಂದ್ರರು ಸಾಕ್ಷಿ, ಪಂಚಾಯಿತಿ ಕೂತಾಗ ಹಿರಿಯರು ಸಾಕ್ಷಿ. ಹೆಂಗಸು ಕಂಡದ್ದು ಮಾತ್ರ ಬರೀ ಹರಟೆ. ಎಂಥ ನ್ಯಾಯವೋ ಕಾಣೆ!

ಸ್ವಾತಂತ್ರ್ಯ ಬಂದು ಹನ್ನೊಂದನೇ ವರ್ಷ. ದೇವರನ್ನು ವೇದಾವತಿ ಹೊಳೆಗೆ ಕರೆದೊಯ್ಯುವ ದಿನ ಮಕ್ಕಳುಮರಿ ಸಮೇತ ಇಡೀ ಹಟ್ಟಿ ಹೊರಟುಹೋಯಿತು. ಉಳಿದವಳು ಹಿರಿಯ ಚಿತ್ತಯ್ಯನ ಸೊಸೆ ಕಾಟಮ್ಮ ಒಬ್ಬಳೇ. ಅವಳು ಮುಟ್ಟಾಗಿದ್ದಳು. ಮುಟ್ಟಾದವರು ಮುಳ್ಳುಬೇಲಿಯ ಆಚೆ, ಬಗ್ಗಿಯೇ ಒಳಹೋಗಬೇಕಾದ ಪುಟ್ಟ ಗುಡ್ಲಿನಲ್ಲಿ ಮೂರು ದಿನ ಕಳೆಯಬೇಕು. ದೂರ ಸರಿಯುತ್ತಿದ್ದ ಉರುಮೆ ವಾದ್ಯದ ಸದ್ದು ಕೇಳುತ್ತ ಅವಳು ಗುಡ್ಲಿನ ಬಾಯಲ್ಲೇ ಕೂತಳು.

ಮಧ್ಯಾಹ್ನ ಪಕ್ಕದ ಜಮೀನಿನ ನಾಗರಾಜಪ್ಪ ನಾಲ್ಕು ಆಳುಗಳೊಂದಿಗೆ ಬಂದ. ಗುಡ್ಲಿನ ಎದುರಿಗಿದ್ದ ಗೋಮಾಳದ ಅಂಚಿನ ಮೂರು ಬಾಂದುಕಲ್ಲುಗಳನ್ನು ಕೀಳಿಸಿ ನೂರು ಮಾರು ಒಳಗೆ ನೆಡಿಸಿದ. ಹಟ್ಟಿಯ ಕುರಿಗಳೆಲ್ಲ ಮೇಯುತ್ತಿದ್ದ ಹುಲ್ಲುಗಾವಲು ಒಂದೇ ಹೊತ್ತಿನಲ್ಲಿ ಅವನ ಹೊಲವಾಯಿತು. ಅದು ಹೋದರೆ ಹಟ್ಟಿಯೇ ಎದ್ದು ಬೇರೆ ಕಡೆ ಹೋಗಬೇಕಿತ್ತು.

ಹಟ್ಟಿಯವರು ಅವನ ಮೇಲೆ ದಾವೆ ಹೂಡಿದರು, ಆದರೆ ಹಳೆಯ ನಕಾಶೆಯಲ್ಲಿ ಆ ಅಂಚು ಮಾಸಿಹೋಗಿತ್ತು. ಹಿರಿಯೂರಿನ ಕೋರ್ಟಿನಲ್ಲಿ ಮೊದಲು ಕಟಕಟೆ ಹತ್ತಿದ ಚಿತ್ತಯ್ಯ ಎದೆಯುಬ್ಬಿಸಿ ಹೇಳಿದ: "ದೇವರಾಣೆ ಸ್ವಾಮಿ, ಅವತ್ತು ಎಲ್ಲಾರೂ ಹೊಳೇಲಿದ್ವಿ. ಹಟ್ಟಿಯಾಗೆ ಒಂದು ನರಪಿಳ್ಳೆನೂ ಉಳ್ದಿರಲಿಲ್ಲ." ಮುದುಕ ಸುಳ್ಳು ಹೇಳಲಿಲ್ಲ. ಗುಡ್ಲಿನಲ್ಲಿ ಕೂತವಳನ್ನು ಲೆಕ್ಕಕ್ಕೆ ಹಿಡಿಯುವುದು ಅವನಿಗಷ್ಟೇ ಅಲ್ಲ, ಯಾರಿಗೂ ರೂಢಿಯಿರಲಿಲ್ಲ. ಹಾಗಾದರೆ ಕಲ್ಲು ಕಿತ್ತಿದ್ದನ್ನು ಕಂಡವರು ಯಾರು ಎಂದು ಎದುರು ವಕೀಲ ಕೇಳಿದಾಗಲೇ ಅವನಿಗೆ ಸೊಸೆ ನೆನಪಾದದ್ದು.

"ಜ್ವರ ಬಂದು ಮನೇಲಿ ಮಲ್ಗಿದ್ದೆ ಅಂತ ಹೇಳವ್ವ," ಎಂದು ಮುಂದಿನ ವಾಯಿದೆಯ ದಿನ ಕೋರ್ಟಿನ ದಾರಿಯುದ್ದಕ್ಕೂ ಅಂಗಲಾಚಿದ. "ಗುಡ್ಲಿನ ಮಾತು ಅಷ್ಟು ಜನ ಗಂಡಸರ ಮುಂದೆ ಎತ್ತಬ್ಯಾಡ. ಮಾನ ಹೋಗ್ತೈತೆ."

"ಮನೇಲಿದ್ರೆ ಬೇಲಿ ಅಡ್ಡ ಬರ್ತೈತೆ ಮಾವ. ಆ ಕಲ್ಲು ಕಾಣಾದು ಗುಡ್ಲಿಂದ್ಲೇ. ನಿಂತ ಜಾಗ ಸುಳ್ಳಾದ್ರೆ ಕಂಡಿದ್ದೂ ಸುಳ್ಳೇ ಆಗ್ತೈತೆ."

ಚಿತ್ತಯ್ಯ ರುಮಾಲು ಸರಿಮಾಡಿಕೊಂಡು ಮುಂದೆ ನಡೆದ.

ಕಟಕಟೆ ಹತ್ತಿದವಳನ್ನು ಎದುರು ವಕೀಲ ಮೇಲಿಂದ ಕೆಳಗೆ ನೋಡಿದ. "ಹಟ್ಟಿಯಲ್ಲಿ ಯಾರೂ ಇರಲಿಲ್ಲ ಅಂತ ನಿನ್ನ ಮಾವನೇ ಹೇಳಿದ್ದಾನೆ. ನೀನೇನು ಗಾಳಿಯಲ್ಲಿ ತೇಲ್ತಿದ್ದೆಯಾ?"

ಜನ ನಕ್ಕರು. ಬಾಗಿಲಲ್ಲಿ ನಿಂತಿದ್ದ ಹಟ್ಟಿಯ ಗಂಡಸರು ತಲೆ ತಗ್ಗಿಸಿದರು. ಕಾಟಮ್ಮ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡಳು.

"ನಾನು ಮುಟ್ಟಾಗಿದ್ದೆ ಸ್ವಾಮಿ. ಬೇಲಿ ಆಚೆ ಗುಡ್ಲಾಗಿದ್ದೆ. ನಮ್ಮೋರು ನನ್ನ ಲೆಕ್ಕಕ್ಕೆ ಹಿಡೀಲಿಲ್ಲ. ಅಂಗಂತ ನನ್ನ ಕಣ್ಣು ಕುರುಡಾಗಿರಲಿಲ್ಲ."

ನಗು ಅಲ್ಲಿಗೇ ನಿಂತಿತು. ನ್ಯಾಯಾಧೀಶರು ಲೇಖನಿ ಎತ್ತಿಕೊಂಡರು. "ಕಂಡದ್ದನ್ನು ಹೇಳಮ್ಮ."

"ಮೂರನೇ ಕಲ್ಲು ಕೀಳುವಾಗ ಹಾರೆ ಏಟಿಗೆ ಬುಡದ ಮೂಲೆ ಮುರೀತು. ಅಂಗೈ ಅಗಲದ ಚೂರು. ಅದನ್ನ ಕಾಲಾಗೆ ಗುಣಿಗೆ ತಳ್ಳಿ ಮಣ್ಣು ಮುಚ್ಚಿದ್ರು. ಕಳ್ಳಿಗಿಡದ ಎಡಕ್ಕೆ ಅಗೆಸ್ರಿ. ಸಿಗಲಿಲ್ಲಾಂದ್ರೆ ನನ್ನ ಜೈಲಿಗೆ ಹಾಕ್ರಿ."

ನಾಗರಾಜಪ್ಪನ ಮುಖ ಕಪ್ಪಿಟ್ಟಿತು. ವಾರದೊಳಗೆ ಕೋರ್ಟಿನ ಅಮೀನ ಬಂದು ಎಲ್ಲರೆದುರು ಅಗೆಸಿದ. ಮೊಳದಾಳದಲ್ಲಿ ಚೂರು ಸಿಕ್ಕಿತು. ಕಿತ್ತ ಕಲ್ಲಿನ ಬುಡಕ್ಕೆ ಹಿಡಿದರೆ ಕೂದಲೆಳೆಯಷ್ಟೂ ಸಂದಿಲ್ಲದೆ ಕೂತಿತು. ಗೋಮಾಳ ಹಟ್ಟಿಗೇ ಉಳಿಯಿತು.

ಕಲ್ಲುಗಳನ್ನು ತಿರುಗಿ ನೆಡುವ ದಿನ ಕಾಟಮ್ಮ ಮತ್ತೆ ಗುಡ್ಲಿನಲ್ಲಿದ್ದಳು. ಕಟ್ಟಳೆ ಒಂದೇ ಗೆಲುವಿಗೆಲ್ಲ ಬಗ್ಗುತ್ತದೆಯೇ? ಆದರೆ ಅವತ್ತು ಮೂರನೇ ಕಲ್ಲು ನಿಲ್ಲಿಸಿದ ಮೇಲೆ ಯಾರೂ ಗುಣಿಗೆ ಮಣ್ಣು ಎಳೆಯಲಿಲ್ಲ. "ಸಾಕ್ಷೀನ ಕೇಳಾಣ, ತಡೀರಿ," ಎಂದ ಚಿತ್ತಯ್ಯ, ಬಿಸಿಲಲ್ಲಿ ಕೋಲೂರುತ್ತ ಗುಡ್ಲಿನವರೆಗೂ ನಡೆದು ಹೋದ. ಮುಟ್ಟಾದವಳು ಕೂತಲ್ಲಿಗೆ ಗಂಡಸು ಹೋದದ್ದನ್ನು ಹಟ್ಟಿ ಅದೇ ಮೊದಲು ನೋಡಿದ್ದು.

"ಕಾಟಮ್ಮ, ಕಲ್ಲು ಸರಿಯಾಗಿ ನಿಂತೈತೇನವ್ವ?"

ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿದಳು. "ಕಲ್ಲಿನ ಬೆನ್ನು ನನ್ನ ಕಡೆ ಮಾಡೀರಿ ಮಾವ. ಗೀಟು ಕೊರೆದ ಮುಖ ಗುಡ್ಲ ಕಡೆ ಇತ್ತು. ತಿರುಗಿಸ್ರಿ."

"ತಿರುಗಿಸ್ರಲೇ!" ಎಂದು ಮುದುಕ ಕೂಗಿದ. ಹಟ್ಟಿಯ ಗಂಡಸರೆಲ್ಲ ಸೇರಿ ಆ ಕಲ್ಲನ್ನು ಎತ್ತಿ, ಕಾಟಮ್ಮನ ಕಡೆಗೆ ಮುಖ ಮಾಡಿ ನೆಟ್ಟರು.