ಕೂಳೂರು ಸೇತುವೆಯ ಮೇಲೆ ನಿಂತ ಬಸ್ಸು

ಪಡೀಲಿನ ವಾಲ್ಟರ್ ಮಾಸ್ಟ್ರು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಯಾವ ಪದ್ಯ ಬಂದರೂ ಮಕ್ಕಳಿಗೆ ಅವರು ಕೇಳುತ್ತಿದ್ದದ್ದು ಎರಡೇ ಪ್ರಶ್ನೆ: ವಿಷಯ ಎಂತ? ಆಶಯ ಎಂತ? ಮಾವಿನ ಮರದ ಪದ್ಯದಲ್ಲಿ ಮಾವಿನ ಮರ ಬರೀ ವಿಷಯ. ಅದನ್ನು ಹಿಡಿದುಕೊಂಡು ಕವಿ ಹೇಳಹೊರಟದ್ದು ಆಶಯ. ನಿವೃತ್ತಿಯ ನಂತರ ಕೇಳಲು ಮಕ್ಕಳಿಲ್ಲದೆ ಈ ಚಟ ಊರಿನ ಮೇಲೆ ತಿರುಗಿತು. ಒಂದು ಭಾನುವಾರ ಇಗರ್ಜಿಯಿಂದ ಹೊರಬರುತ್ತ ಪಾದ್ರಿಗಳ ಕೈ ಕುಲುಕಿ, "ಪ್ರಸಂಗ ಲಾಯ್ಕಾಯ್ತು ಫಾದರ್. ವಿಷಯ, ತಪ್ಪಿಹೋದ ಕುರಿ. ಆಶಯ, ಇಗರ್ಜಿಯ ಸೋರುವ ಮಾಡಿನ ರಿಪೇರಿ" ಎಂದರು. ಪಾದ್ರಿಗಳು ನಕ್ಕರು. ಹೆಂಡತಿ ಮಗ್ದಲೀನ್ ನಗಲಿಲ್ಲ.

ಇಂಥವರು ಕಳೆದ ರಾಜ್ಯೋತ್ಸವಕ್ಕೆ ತಾವೇ ಒಂದು ಕವನ ಬರೆದು ಬಡಾವಣೆಯ ಸಂಘದಲ್ಲಿ ಓದಿದರು. ಕೂಳೂರು ಸೇತುವೆಯ ಮಧ್ಯೆ ಒಂದು ಬಸ್ಸು ನಿಂತಿದೆ. ಕೆಳಗೆ ಹೊಳೆ ಹರಿಯುತ್ತಿದೆ. ಒಳಗೆ ಎಲ್ಲರೂ ಡ್ರೈವರನಿಗೆ ಬೈಯುತ್ತಿದ್ದಾರೆ. ಕಿಟಕಿಯ ಪಕ್ಕ, ಮಡಿಲಲ್ಲಿ ಹಲಸಿನಹಣ್ಣು ಇಟ್ಟುಕೊಂಡು ಒಬ್ಬ ಹುಡುಗಿ ತೂಕಡಿಸುತ್ತಿದ್ದಾಳೆ. ಅಷ್ಟೇ.

ಮಾಸ್ಟ್ರು ಕನ್ನಡಕ ತೆಗೆದು, "ಆಶಯ ಎಂತ? ಹೇಳಿ ನೋಡುವ" ಎಂದರು.

ಸಂಘದ ಅಧ್ಯಕ್ಷರು ಹೋಟೆಲಿನ ಲೋಕನಾಥ ಶೆಟ್ಟರು. ಅವರು ತಕ್ಷಣ ಎದ್ದರು. "ಟ್ರಾಫಿಕ್ ಜಾಮ್ ಅಲ್ವಾ ಮಾಸ್ಟ್ರೇ? ನನ್ನ ಮೀನಿನ ಗಾಡಿ ದಿನಾ ಅಲ್ಲೇ ಸಿಕ್ಕಿ ಬೀಳುದು. ದೊಡ್ಡ ಸೇತುವೆ ಬೇಕೂಂತ ಮನವಿ ಕೊಡ್ಲಿಕ್ಕುಂಟಲ್ಲ, ಅದರ ಮೇಲೆಯೇ ಇದನ್ನು ಪಿನ್ ಮಾಡುವ."

ಚಪ್ಪಾಳೆ ಬಿತ್ತು.

"ಜಾಮ್ ಬರೀ ವಿಷಯ ಶೆಟ್ರೇ. ಆಶಯ ಜೀವನದ ನಶ್ವರತೆ."

"ಅದೇ ಮಾರಾಯ್ರೆ. ಮೀನು ಹಾಳಾಗ್ತದಲ್ಲ."

ಮನೆಗೆ ನಡೆದು ಬರುವಾಗ ಮಾಸ್ಟ್ರ ಮುಖ ಊದಿಕೊಂಡಿತ್ತು. "ಒಬ್ಬರಿಗಾದ್ರೂ ಆಶಯ ಗೊತ್ತಾಗ್ಲಿಲ್ಲ" ಎಂದು ಗೊಣಗಿದರು.

"ನಿಮಗೂ ಗೊತ್ತಾಗ್ಲಿಲ್ಲ" ಎಂದರು ಮಗ್ದಲೀನ್.

ಮಾಸ್ಟ್ರು ಅಲ್ಲೇ ನಿಂತರು.

"ನಶ್ವರತೆ ಎಲ್ಲುಂಟು ಅದರಲ್ಲಿ? ಬಸ್ಸು ನಿಂತದ್ದಕ್ಕೆ ಎಲ್ಲರೂ ಬೈತಾರೆ, ಬರೆದವ ಮಾತ್ರ ಬೈಯುದಿಲ್ಲ. ಕವನ ಮುಗಿದರೂ ನೀವು ಬಸ್ಸನ್ನು ಹೊರಡಿಸ್ಲಿಲ್ಲ. ಹೊರಟರೆ ಆ ಹುಡುಗಿ ಇಳಿದು ಹೋಗ್ತಾಳಲ್ಲ."

ಅವರಿಬ್ಬರು ಮೊದಲು ಕಂಡದ್ದೇ ಹಾಗೆ, ಆ ಸೇತುವೆಯ ಮೇಲೆ ಕೆಟ್ಟು ನಿಂತ ಬಸ್ಸಿನಲ್ಲಿ. ಮಾಸ್ಟ್ರಿಗೆ ಆಗಷ್ಟೇ ಕೆಲಸ ಸಿಕ್ಕಿತ್ತು. ಮಗ್ದಲೀನ್ ಅತ್ತಾವರದಲ್ಲಿ ನರ್ಸಿಂಗ್ ಕಲಿಯುತ್ತಿದ್ದರು. ಕವನ ಬರೆಯುವಾಗ ಇದು ತಲೆಯಲ್ಲಿ ಇತ್ತೋ ಇಲ್ಲವೋ, ಮಾಸ್ಟ್ರಿಗೆ ಹೇಳಲಾಗಲಿಲ್ಲ.

"ಮತ್ತೆ, ನಾನು ತೂಕಡಿಸಿದ್ದಲ್ಲ" ಎಂದರು ಮಗ್ದಲೀನ್. "ಕಣ್ಣು ಬಿಟ್ಟರೆ ನೀವು ಆಚೆ ತಿರುಗ್ತಿದ್ರಿ. ಅದಕ್ಕೆ ಮುಚ್ಚಿದ್ದು."

ಮರುದಿನ ಬೆಳಿಗ್ಗೆ ಶೆಟ್ಟರು ಕವನ ಕೇಳಿಕೊಂಡು ಬಂದರು.

"ಸೈನ್ ಬೇಕಾದ್ರೆ ಹಾಕ್ತೇನೆ ಶೆಟ್ರೇ, ಕವನ ಕೊಡ್ಲಿಕ್ಕಾಗುದಿಲ್ಲ. ಸ್ವಲ್ಪ ಪರ್ಸನಲ್ ಉಂಟು."

ಶೆಟ್ಟರು ಮಾಸ್ಟ್ರ ಕೆಂಪಗಾದ ಕಿವಿಗಳನ್ನು ನೋಡಿದರು, ತಲೆ ಕೆರೆದುಕೊಂಡರು, ಮನವಿಯ ಹಾಳೆ ಮುಂದಿಟ್ಟರು. ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬಂದ ಮಗ್ದಲೀನ್ ಗಂಡನ ಹೆಸರಿನ ಕೆಳಗೆ ತಾವೂ ಒಂದು ಸಹಿ ಹಾಕಿದರು.