ಯಾವ ಹೊಸ ವರ್ಷಕ್ಕೆ?

ಬೀದಿಯವರು ದರ್ಜಿಗೆ ಇಟ್ಟ ಹೆಸರು ‘ಹೊಸ ವರ್ಷ’. ಬಟ್ಟೆ ತಂದವರಿಗೆಲ್ಲ ಅವನದು ಒಂದೇ ಮಾತು: “ಹೊಸ ವರ್ಷಕ್ಕೆ ಕೊಟ್ಬಿಡ್ತೀನಿ.” ಯಾವ ಹೊಸ ವರ್ಷ ಎಂದು ಮಾತ್ರ ಬಾಯಿ ಬಿಡುತ್ತಿರಲಿಲ್ಲ.

ಅವನ ಹೊಲಿಗೆ ಯಂತ್ರದ ಮೇಲಿನ ಗೋಡೆಗೆ ಮೂರು ಕ್ಯಾಲೆಂಡರು. ಒಂದು ಸೂರ್ಯನ ಲೆಕ್ಕದ್ದು. ಇನ್ನೊಂದು ಮಹಡಿಯ ಗಡಿಯಾರ ರಿಪೇರಿಯವನು ಕೊಟ್ಟದ್ದು, ಬರೀ ಚಂದ್ರನನ್ನು ನಂಬಿದ್ದು. ಅದರ ವರ್ಷ ಹನ್ನೊಂದು ದಿನ ಮೊದಲೇ ಮುಗಿಯುವುದರಿಂದ ಹೊಸ ವರ್ಷ ಕೆಲವು ಸಲ ಬೇಸಿಗೆಗೆ, ಕೆಲವು ಸಲ ಚಳಿಗೆ ಬರುತ್ತಿತ್ತು. ಮೂರನೆಯದು ಎದುರಿನ ಬೇಕರಿಯವಳದು. ಅದೂ ಚಂದ್ರನದೇ, ಆದರೆ ಋತುಗಳ ಜೊತೆ ತಾಳ ತಪ್ಪಿದಾಗಲೆಲ್ಲ ಒಂದು ತಿಂಗಳು ಹೆಚ್ಚಿಗೆ ಸೇರಿಸಿಕೊಳ್ಳುತ್ತಿತ್ತು. “ಬೇಕಾದಾಗ ಬಿಚ್ಚಿ ದೊಡ್ಡದು ಮಾಡೋಕೆ ಒಳಗೆ ಬಟ್ಟೆ ಬಿಟ್ಟು ಹೊಲಿದೋನು ಜಾಣ,” ಎಂದು ದರ್ಜಿ ಮೆಚ್ಚುತ್ತಿದ್ದ. ಒಂದು ಹೊಸ ವರ್ಷ ಕೈಕೊಟ್ಟರೆ ಇನ್ನೊಂದು ಇದ್ದೇ ಇತ್ತು.

ಪ್ಯಾಂಟಿಗಾಗಿ ಅಲೆಯುತ್ತಿದ್ದ ಮೇಷ್ಟ್ರು ಒಮ್ಮೆ ಹೇಳಿದರು: “ಹಿಂದೆ ಕ್ಯಾಲೆಂಡರ್ ಸರಿ ಮಾಡೋಕೆ ಕೆಲವು ದೇಶಗಳಲ್ಲಿ ಹತ್ತು ದಿನಾನೇ ಕಿತ್ತುಹಾಕಿದ್ರಂತೆ ಕಣಯ್ಯಾ. ನಾಲ್ಕನೇ ತಾರೀಖು ಮಲಗಿದೋರು ಎದ್ದಾಗ ಹದಿನೈದು!”

“ಅಯ್ಯೋ, ಆ ಹತ್ತು ದಿನದೊಳಗೆ ಕೊಡ್ತೀನಿ ಅಂದಿದ್ದ ದರ್ಜಿಗಳು ಎಂಥಾ ಪುಣ್ಯವಂತರು ಮೇಷ್ಟ್ರೇ!”

ಪಕ್ಕದಲ್ಲೇ ಕೂತು ಗುಂಡಿ ಹೊಲಿಯುತ್ತಿದ್ದ ಹೆಂಡತಿ ನಗಲಿಲ್ಲ. ಮದುವೆಯಾದ ಹೊಸತರಲ್ಲಿ ಅವಳು ಕೋಟಿಗೆಂದು ತಂದುಕೊಟ್ಟ ನೀಲಿ ಬಟ್ಟೆ ಇನ್ನೂ ಮೇಲಿನ ಹಲಗೆಯಲ್ಲಿತ್ತು. ದೀಪದ ಬುಡದಲ್ಲಿ ಕತ್ತಲೆ ಅಂತಾರಲ್ಲ, ಹಾಗೆ. ಯಾರ ಮನೆಯ ಸಮಾರಂಭಕ್ಕೂ ಅವಳು ತೊಟ್ಟು ಹೋಗುತ್ತಿದ್ದುದು ಬೇಕರಿಯವಳ ಕೋಟೇ.

ಈಗ ಅವಳ ತಂಗಿಯ ಮಗಳ ಮದುವೆ ಬಂತು, ಬರುವ ಭಾನುವಾರ.

“ತಂಗಿ ಮನೆಗೆ ಎರವಲು ಕೋಟಲ್ಲಿ ಹೋಗಲ್ಲ ನಾನು. ನೀವು ಹೊಲಿದ್ರೆ ಹೋಗ್ತೀನಿ, ಇಲ್ಲದಿದ್ರೆ ಮದುವೇನೇ ಬೇಡ.”

“ಆಯ್ತು ಕಣೇ, ಹೊಸ ವರ್ಷ...”

ಅವಳು ಸ್ಟೂಲು ಹತ್ತಿ ಮೂರೂ ಕ್ಯಾಲೆಂಡರುಗಳನ್ನು ಇಳಿಸಿ, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. “ಈಗ ಹೇಳಿ.”

ಗೋಡೆಯಲ್ಲಿ ಮೂರು ಮೊಳೆ ಬಿಟ್ಟರೆ ಏನೂ ಉಳಿದಿರಲಿಲ್ಲ. ದರ್ಜಿ ತೆಪ್ಪಗೆ ನೀಲಿ ಬಟ್ಟೆ ಹಾಸಿ ಕತ್ತರಿ ತೆಗೆದುಕೊಂಡ.

“ಅಳತೆ?”

“ನಿನ್ನ ಅಳತೆ ನಂಗೊತ್ತಿಲ್ವಾ?”

“ಯಾವ ಕಾಲದ್ದು ಗೊತ್ತು?”

ಟೇಪು ಹಿಡಿದು ಎದ್ದ. ಬೆನ್ನಿಗೆ ಟೇಪು ಇಟ್ಟವನು ಮತ್ತೊಮ್ಮೆ ಇಟ್ಟು ನೋಡಿದ. ಭುಜ ಇಳಿದು ಮುಂದಕ್ಕೆ ಬಾಗಿತ್ತು. ಊರವರ ಗುಂಡಿಗಳ ಮೇಲೆ ಬಗ್ಗಿ ಬಗ್ಗಿ ಆದ ಬಾಗು ಅದು. ಪಕ್ಕದಲ್ಲೇ ಕೂತಿದ್ದೂ ತಾನು ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು.

“ಯಾಕ್ರೀ ಎರಡೆರಡು ಸಲ ಅಳೀತೀರಿ?”

“ಏನಿಲ್ಲ. ನೆಟ್ಟಗೆ ನಿಂತ್ಕೋ.”

ಶನಿವಾರ ಸಂಜೆ ಮೇಷ್ಟ್ರು ಬಂದಾಗ ಅಂಗಡಿ ಬಾಗಿಲು ಅರ್ಧ ಮುಚ್ಚಿತ್ತು. ಹೆಂಡತಿ ನೀಲಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತಿದ್ದಳು. ದರ್ಜಿ ಮಂಡಿಯೂರಿ ಕೊನೆಯ ಗುಂಡಿ ಹೊಲಿಯುತ್ತಿದ್ದ.

“ನನ್ನ ಪ್ಯಾಂಟು?”

ದರ್ಜಿಯ ಬಾಯಲ್ಲಿ ದಾರವಿತ್ತು. ಅವಳೇ ಹೇಳಿದಳು: “ಹೊಸ ವರ್ಷಕ್ಕೆ, ಮೇಷ್ಟ್ರೇ.”

“ಚೆನ್ನಾಗಿದೆಯಲ್ಲಮ್ಮಾ ಕೋಟು! ಎಷ್ಟು ದಿನ ಕಾಯಿಸ್ದ ನಿನ್ನ?”

ಅವಳು ಎರಡೂ ಕೈ ಜೇಬಿಗೆ ಇಳಿಬಿಟ್ಟಳು. “ಇಪ್ಪತ್ತಾರು ವರ್ಷ. ವರ್ಷಕ್ಕೆ ಮೂರು ಮೂರು ಹೊಸ ವರ್ಷ.”

ದರ್ಜಿ ತಲೆ ಎತ್ತಲಿಲ್ಲ. ಮೇಷ್ಟ್ರು ಖಾಲಿ ಗೋಡೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದರು.

“ನಂದು ನಿಧಾನಕ್ಕೇ ಆಗಲಿ ಬಿಡಯ್ಯಾ,” ಎಂದು ಬಾಗಿಲು ಎಳೆದುಕೊಂಡು ಹೊರಟರು.