ಹತ್ತಿಗೂ ಬೆಂಕಿಗೂ ನಡುವಿನ ಗೋಡೆ

ಬೀದಿಗೆಲ್ಲ ಆಕೆ ಹಾಸಿಗೆ ಅಕ್ಕ. ಹತ್ತಿ ಬಿಡಿಸಿ, ಹರವಿ, ಗವಸಿಗೆ ತುಂಬಿ ದಬ್ಬಳದಲ್ಲಿ ಹೊಲಿಯುವ ಕೆಲಸವನ್ನು ಅಪ್ಪನಿಂದ ಕಲಿತವಳು. ಗಂಡ ಹತ್ತಿ ಹಿಂಜುತ್ತಾನೆ, ಆಕೆ ಹೊಲಿಯುತ್ತಾಳೆ. ಬಾಯಿ ಸ್ವಲ್ಪ ಜೋರು. ಬೆನ್ನು ನೋವೆಂದು ಬಂದ ಗಿರಾಕಿಗೆ, "ಹೊಸ ಹಾಸಿಗೆ ಆಮೇಲೆ ನೋಡೋಣ, ಮೊದ್ಲು ಎದ್ದು ಓಡಾಡಿ" ಎಂದು ಹೇಳಿ ವ್ಯಾಪಾರ ಕೆಡಿಸಿಕೊಂಡದ್ದೂ ಉಂಟು.

ಬೇಸಿಗೆಯಲ್ಲೂ ಆಕೆ ತುಂಬುತೋಳಿನ ರವಿಕೆಯನ್ನೇ ತೊಡುತ್ತಿದ್ದಳು. ಎಡಗೈ ಮೊಣಕೈಯಿಂದ ಮೇಲಕ್ಕೆ ಸುಟ್ಟ ಚರ್ಮ. ಚಿಕ್ಕವಳಿದ್ದಾಗ ಅಪ್ಪನ ಹತ್ತಿಯ ಕೊಟ್ಟಿಗೆಗೆ ಬೆಂಕಿ ಬಿದ್ದಿತ್ತು. ಹತ್ತಿಗೆ ತಗುಲಿದ ಬೆಂಕಿ ಮೊದಲು ಉರಿಯುವುದಿಲ್ಲ. ಒಳಗೊಳಗೇ ಹೊಗೆಯಾಡುತ್ತದೆ, ಕಣ್ಣಿಗೆ ಬೀಳುವ ಹೊತ್ತಿಗೆ ಕೈಮೀರಿರುತ್ತದೆ. ಅಪ್ಪ ಆಕೆಯನ್ನು ಕಂಕುಳಲ್ಲಿ ಅವುಚಿಕೊಂಡು ಹೊರಗೆ ಬಿದ್ದಿದ್ದ.

ಇಂಥವಳ ಅಂಗಡಿಯ ಪಕ್ಕಕ್ಕೆ ಬೇಕರಿ ಬಂತು.

ಪಕ್ಕದ ಮಳಿಗೆ ಕೊಂಡ ಬೇಕರಿಯವನು ನಡುವಿನ ಗೋಡೆಯನ್ನು ಒಂದಿಷ್ಟು ಕೆತ್ತಿ, ಅದಕ್ಕೇ ಆನಿಸಿ ಬ್ರೆಡ್ ಒಲೆ ಕಟ್ಟಿಸಿದ. ಆಕೆ ಕೇಳಲು ಹೋದರೆ, "ಗೋಡೆ ನಂದು, ಕ್ರಯಪತ್ರದಲ್ಲೇ ಇದೆ" ಎಂದ. "ನಿನ್ನದು ಹೇಗಪ್ಪ ಆಗುತ್ತೆ? ನಮ್ಮ ಮಾವ ಕಟ್ಟಿಸಿದ್ದು" ಎಂದಳು ಆಕೆ. ಮಾತಿಗೆ ಮಾತು ಬೆಳೆದು ವಿಷಯ ಕೋರ್ಟು ಹತ್ತಿತು.

ವಕೀಲರ ಮುಂದೆ ಆಕೆ ಬೆಂಕಿಯ ಮಾತು ತೆಗೆದಾಗ ಅವರು ತಡೆದರು. "ಅದನ್ನ ಬಾಯಿ ಬಿಡ್ಬೇಡಿ. ಹತ್ತಿ ರಾಶಿ ಹಾಕಿರೋರು ನೀವು. ಅಪಾಯ ಅಂದ್ರೆ ಮೊದ್ಲು ನಿಮ್ಮನ್ನೇ ಖಾಲಿ ಮಾಡಿಸ್ತಾರೆ. ಗೋಡೆ ಯಾರದು ಅನ್ನೋದಷ್ಟೇ ಕೇಸು."

ಹಾಗಾಗಿ ದಾವೆಯಲ್ಲಿ ಗೋಡೆಯಿತ್ತು, ಬೆಂಕಿ ಇರಲಿಲ್ಲ. ತೀರ್ಪು ಬರುವವರೆಗೆ ಗೋಡೆಯನ್ನು ಯಾರೂ ಮುಟ್ಟಕೂಡದೆಂದು ನ್ಯಾಯಾಲಯ ಆದೇಶಿಸಿತು. ಆಮೇಲೆ ಆಕೆಯ ಕಡೆ ಗಾರೆ ಬಿರುಕು ಬಿಟ್ಟಿತು. ಬಿರುಕಿನ ಸುತ್ತ ಸುಣ್ಣ ಕಂದಿ ಕಾಫಿ ಬಣ್ಣಕ್ಕೆ ತಿರುಗಿತು. ಮುಚ್ಚಲು ಹೋದರೆ ಆದೇಶ ಮುರಿದಂತೆ, ಬಿಟ್ಟರೆ ಬಿರುಕು ಬೆಳೆಯುತ್ತದೆ. ಆಕೆ ಹತ್ತಿಯನ್ನೆಲ್ಲ ಎದುರು ಗೋಡೆಗೆ ಒಟ್ಟಿದಳು. ಹಿಡಿಸದ್ದು ಅಟ್ಟಕ್ಕೆ ಹೋಯಿತು. ಹೊಲಿಯುತ್ತ ಕೂತವಳು ನಡುನಡುವೆ ಸೂಜಿ ನಿಲ್ಲಿಸಿ ಮೂಗರಳಿಸುತ್ತಿದ್ದಳು. ಬ್ರೆಡ್ಡಿನ ವಾಸನೆಯೋ, ಬೇರೆಯದೋ?

"ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ," ಎಂದ ಗಂಡ ಒಮ್ಮೆ. "ವಕೀಲರು ಗೋಡೆ ಗೆದ್ದು ಕೊಡ್ತಾರೆ ಕಣೆ. ಅಷ್ಟೊತ್ತಿಗೆ ಅದರ ಈ ಕಡೆ ನಾವಿರ್ತೀವಾ?"

ಮುಂದಿನ ವಿಚಾರಣೆಯಲ್ಲಿ ನ್ಯಾಯಾಧೀಶರು, "ಒಮ್ಮೆ ಮಧ್ಯಸ್ಥಿಕೆಗೆ ಕೂತು ನೋಡಿ" ಎಂದಾಗ ಆಕೆ ಒಪ್ಪಿ ತಲೆಯಾಡಿಸಿದ್ದು ಈ ಮಾತು ನೆನಪಾಗಿಯೇ.

ಕಿರಿದಾದ ಕೋಣೆ, ದುಂಡು ಮೇಜು. ಮಧ್ಯಸ್ಥಿಕೆಗೆ ಕೂತಿದ್ದ ನರೆಗೂದಲಿನ ಹೆಂಗಸು ಮೊದಲೇ ಹೇಳಿದರು: "ನಾನು ತೀರ್ಪು ಕೊಡೋಳಲ್ಲ. ಇಲ್ಲಿ ಆಡಿದ ಮಾತನ್ನ ಕೋರ್ಟಿನಲ್ಲಿ ಯಾರೂ ಎತ್ತೋ ಹಾಗಿಲ್ಲ. ಒಪ್ಪಿಗೆ ಆದ್ರೆ ಆಯ್ತು, ಇಲ್ದಿದ್ರೆ ಕೇಸು ಇದ್ದಲ್ಲೇ ಇರುತ್ತೆ."

ಬೇಕರಿಯವನು ತೋಳು ಕಟ್ಟಿ ಕೂತ. "ಸೂಜಿಮೊನೆಯಷ್ಟು ಜಾಗಾನೂ ಬಿಡಲ್ಲ ಮೇಡಂ."

"ಸೂಜಿ ಹಿಡಿಯೋಳು ನಾನು. ಅದರ ಮೊನೆ ಎಷ್ಟು ಅಂತ ನಂಗೆ ಗೊತ್ತು!" ಎಂದು ಆಕೆ ಎದ್ದೇಬಿಟ್ಟಳು. ಗಂಡ ಸೆರಗು ಹಿಡಿದು ಕೂರಿಸಿದ.

ಮಧ್ಯಸ್ಥಿಕೆಯವರು ಇಬ್ಬರನ್ನೂ ಬೇರೆಬೇರೆಯಾಗಿ ಕೂರಿಸಿ ಮಾತಾಡಿದರು. ಆಕೆಯನ್ನು ಕೇಳಿದ್ದು ಒಂದೇ: "ಗೋಡೆ ನಿಮಗೇ ಸಿಕ್ಕಿತು ಅಂದ್ಕೊಳ್ಳಿ. ಮಾರನೇ ದಿನ ಏನು ಮಾಡ್ತೀರಮ್ಮ?"

ಆಕೆ ರವಿಕೆಯ ಎಡತೋಳನ್ನು ಮೇಲಕ್ಕೆ ಸರಿಸಿದಳು. ಕೊಟ್ಟಿಗೆಯ ಕಥೆಯಿಂದ ಅಟ್ಟದ ಹತ್ತಿಯವರೆಗೆ ಎಲ್ಲ ಹೊರಬಂತು.

"ಇದನ್ನ ಬೇಕರಿಯವರಿಗೆ ಹೇಳಲಾ?"

"ಹೇಳಿ," ಎಂದಳು. ಆಮೇಲೆ, "ಬೇಡ. ನಾನೇ ತೋರಿಸ್ತೀನಿ. ಅಂಗಡಿಗೆ ಬರ್ಲಿ."

ಅಂದೇ ಮಧ್ಯಾಹ್ನ ಎಲ್ಲರೂ ಹೋದರು. ಇಷ್ಟು ದಿನ ಪಕ್ಕದಲ್ಲಿದ್ದೂ ಬೇಕರಿಯವನು ಆಕೆಯ ಹೊಸ್ತಿಲು ದಾಟಿರಲಿಲ್ಲ. ಬಿರುಕಿನ ಹತ್ತಿರ ಅಂಗೈ ಇಟ್ಟವನು ಚುರುಕ್ಕೆಂದು ಹಿಂದೆಗೆದ. ತಲೆಯೆತ್ತಿ ಅಟ್ಟ ನೋಡಿದ. ಹಲಗೆಗಳ ಸಂದಿಯಲ್ಲಿ ಹತ್ತಿ ಇಣುಕುತ್ತಿತ್ತು. ಹೊರಗೆ ಓಡಿದ. ಬಾಗಿಲಲ್ಲೇ ಅವನ ವಕೀಲರು ಅಡ್ಡ ಬಂದರು. "ಒಲೆ ಆರಿಸ್ಬೇಡಿ. ತಪ್ಪು ಒಪ್ಕೊಂಡ ಹಾಗಾಗುತ್ತೆ."

"ಒಪ್ಪೋದೋ ಗಿಪ್ಪೋದೋ! ಅತ್ತ ಹೋಗಿ ಸ್ವಾಮಿ," ಎಂದವನೇ ಒಳಗೆ ಹೋಗಿ ಒಲೆಯ ಬೆಂಕಿಯನ್ನು ಹೊರಗೆಳೆದ.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಮರುದಿನ ಆಕೆಯ ವಕೀಲರು ಅಂಗಡಿಗೆ ಬಂದರು. "ಈಗ ಸುಮ್ನೆ ಕೂತ್ಕೊಳ್ಳಿ. ಒಲೆ ಆರಿದ ಬೇಕರಿ ಎಷ್ಟು ದಿನ ನಡೆಯುತ್ತೆ? ತಾನಾಗೇ ಬಾಗಿಲು ಹಾಕ್ತಾನೆ."

ಮಾತು ಸುಳ್ಳಲ್ಲ. ಆಕೆಯ ಮನಸ್ಸು ಆ ಕಡೆಗೇ ವಾಲಿತು ಕೂಡ. ನಾಲ್ಕು ದಿನ ಬಿರುಕು ತಣ್ಣಗಿತ್ತು; ಆದರೆ ಗೋಡೆಯಾಚೆ ತಟ್ಟೆಗಳ ಸದ್ದೂ ಇರಲಿಲ್ಲ. ಆ ಮೌನ ಆಕೆಗೆ ಹಿತವಾಗಲಿಲ್ಲ.

ಎರಡನೆಯ ಬಾರಿ ಕೂತಾಗ ಬೇಕರಿಯವನ ಮುಖ ಇಳಿದಿತ್ತು. ಹಿಂದಿನ ಊರಿನಲ್ಲಿ ಬಾಡಿಗೆ ಮಳಿಗೆಯಿಂದ ತನ್ನನ್ನು ಹೇಗೆ ಹೊರಹಾಕಿದರೆಂದು ಹೇಳಿದ. ಒಲೆ ಒಡೆದು, ನಾದಿಟ್ಟ ಹಿಟ್ಟನ್ನು ರಸ್ತೆಗೆ ಸುರಿದಿದ್ದರು. "ಅವತ್ತೇ ತೀರ್ಮಾನ ಮಾಡ್ದೆ. ಇನ್ನೊಮ್ಮೆ ಯಾರು ಜಾಗ ಬಿಡು ಅಂದ್ರೂ ಬಿಡಲ್ಲ ಅಂತ. ಅಕ್ಕ, ನೀವು ಬಂದು ಗೋಡೆ ಅಂದಾಗ ನಂಗೆ ಅವರೇ ಬಂದ ಹಾಗಾಯ್ತು."

ಒಲೆಯನ್ನು ಹಿತ್ತಲಿಗೆ ಸಾಗಿಸಬಹುದಿತ್ತು, ಆದರೆ ಅವನ ಹಿತ್ತಲು ಚಿಕ್ಕದು. ಆಕೆಯ ಹಿತ್ತಲಿನ ತುದಿಯ ಮೂಲೆ ಸೇರಿದರೆ ಸಾಕಾಗುತ್ತದೆ. ಎರಡೂ ಅಂಗಡಿಗಳಿಂದ ದೂರ. ಹಾಗೆಂದು ಬಾಯಿಬಿಟ್ಟು ಕೇಳಲು ಯಾರಿಗೂ ಧೈರ್ಯವಿರಲಿಲ್ಲ. ಆಕೆ ಹತ್ತಿ ಒಣಗಿಸುತ್ತಿದ್ದ ಜಾಗ ಅದು. ಆಕೆಯ ವಕೀಲರು ಬೇಡವೆಂಬಂತೆ ಕೆಮ್ಮಿದರು.

"ಮೂಲೆ ತಗೊಳ್ಳಿ," ಎಂದಳು ಆಕೆ ಒರಟಾಗಿ. "ಆದ್ರೆ ನಿಮ್ಮ ಡಬ್ಬ ಪೆಟ್ಟಿಗೆ ಇನ್ಮೇಲೆ ನನ್ನ ಅಂಗಡಿ ಮೆಟ್ಟಿಲ ಮೇಲೆ ಇಡೋ ಹಾಗಿಲ್ಲ. ಗೋಡೆ ಇಬ್ರದೂ. ಹಳೇ ಒಲೆ ಒಡೆದು ಗೋಡೆ ಗಟ್ಟಿ ಮಾಡ್ಸೋದು ನೀವು."

"ನಾಳೆ ನಿಮ್ಮ ಮಕ್ಕಳು ಮೂಲೆ ಬಿಡು ಅಂದ್ರೆ?" ಎಂದ ಬೇಕರಿಯವನು.

"ಅನ್ನಲ್ಲ ಅಂತ ಬರೀರಿ ಮೇಡಂ. ನಾನಿದ್ರೂ ಇಲ್ದಿದ್ರೂ, ಒಲೆ ಇರೋವರೆಗೂ ಮೂಲೆ ಅವರಿಗೆ."

ಇಬ್ಬರೂ ಸಹಿ ಹಾಕಿದರು. ನ್ಯಾಯಾಲಯ ಆ ಒಪ್ಪಂದವನ್ನೇ ತೀರ್ಪಾಗಿಸಿ ದಾವೆ ಮುಗಿಸಿತು.

ಹಳೆಯ ಒಲೆ ಒಡೆಯುವ ದಿನ ಗಂಡ ಹೆಂಡತಿ ಇಬ್ಬರೂ ಬೇಕರಿಯೊಳಗೆ ನಿಂತಿದ್ದರು. ಗಾರೆಯವನು ಇಟ್ಟಿಗೆ ಕೀಳುತ್ತ ಕೀಳುತ್ತ ಥಟ್ಟನೆ ನಿಂತ. ಗೋಡೆಯೊಳಗೆ ಆಕೆಯ ಅಟ್ಟದ ತೊಲೆಯ ತುದಿ ಕಾಣಿಸಿತು. ಕೆರೆದರೆ ಒಂದು ಗೇಣಿನಷ್ಟು ಇದ್ದಿಲಾಗಿ ಪುಡಿಪುಡಿಯಾಗಿ ಉದುರಿತು. ಅದರ ಇನ್ನೊಂದು ತುದಿಯ ಮೇಲೆ ಹತ್ತಿ ಇತ್ತು.

ಗಂಡ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ನೋಡಿದ. ಬೇಕರಿಯವನು ನೀರು ತಂದು ಮೊದಲು ಆಕೆಗೆ ಕೊಟ್ಟ. ಆಕೆ ಒಂದು ಗುಟುಕು ಕುಡಿದು ಲೋಟವನ್ನು ಗಂಡನಿಗೆ ದಾಟಿಸಿದಳು.

ಅವರೇನೂ ಜೀವದ ಗೆಳೆಯರಾಗಲಿಲ್ಲ. ಹಿತ್ತಲ ಹೊಗೆ ತಿರುಗಿ ಬೀಸಿದ ದಿನ ಆಕೆ ಕೂಗಾಡುತ್ತಾಳೆ, ಹತ್ತಿಯ ಎಳೆ ಹಿಟ್ಟಿಗೆ ಹಾರಿತೆಂದು ಅವನು ಗೊಣಗುತ್ತಾನೆ. ವಕೀಲರನ್ನು ಮಾತ್ರ ಇಬ್ಬರೂ ಕರೆಯುವುದಿಲ್ಲ. ಬೇಲಿಯ ಹತ್ತಿರ ನಿಂತು, ಗಂಟಲು ಹರಿಯುವಷ್ಟು ಜಗಳವಾಡಿ, ಆಮೇಲೆ ಅವರವರ ಕೆಲಸಕ್ಕೆ ಹೋಗುತ್ತಾರೆ.